ಸ್ವಪ್ರತಿರಕ್ಷೆ: ಹುಚ್ಚುನಾಯಿ ಲಸಿಕೆಯ ಚರಿತ್ರೆಯಲ್ಲಿ ಅದರ ಸ್ವರೂಪ

ಸ್ವಪ್ರತಿರಕ್ಷೆ: ಹೊರಗಿನಿಂದ ಒಳಹೊಕ್ಕ ರೋಗಾಣುಗಳನ್ನು ಗುರುತಿಸಿ ನಾಶಪಡಿಸುವುದಕ್ಕಾಗಿಯೇ ದೇಹದಲ್ಲಿ ನೆಲೆಗೊಂಡಿರತಕ್ಕ ರಕ್ಷಣಾವ್ಯವಸ್ಥೆಯು, ತನ್ನದನ್ನೇ ಅನ್ಯವೆಂದು ಭ್ರಮಿಸಿ, ತಾನು ಕಾಯಬೇಕಾದ ಅಂಗಾಂಶಗಳ ಮೇಲೆ ಆಕ್ರಮಣ ನಡೆಸುವ ಸ್ಥಿತಿ. ವೈದ್ಯರು ಇದನ್ನು ಆಟೋಇಮ್ಯೂನಿಟಿ ಎಂದು ಕರೆಯುತ್ತಾರೆ. ಕೀಲುಗಳನ್ನು ಕೆಡಿಸುವ ರುಮಟಾಯ್ಡ್ ಸಂಧಿವಾತ, ಹೆಚ್ಚಾಗಿ ಎಳೆಯ ವಯಸ್ಸಿನಲ್ಲಿ ತಲೆದೋರುವ ಟೈಪ್ 1 ಮಧುಮೇಹ, ಚರ್ಮದ ವರ್ಣಕೋಶಗಳನ್ನು ಅಳಿಸುವ ತೊನ್ನು, ನರತಂತುಗಳ ಹೊದಿಕೆಯನ್ನು ಹಾಳುಗೆಡಹುವ ಮಲ್ಟಿಪಲ್ ಸ್ಕ್ಲೆರೋಸಿಸ್ ಮೊದಲಾದವು ಈ ವರ್ಗಕ್ಕೆ ಸೇರಿದ ವ್ಯಾಧಿಗಳು. ಇವು ಯಾವುವೂ ಒಬ್ಬರಿಂದ ಒಬ್ಬರಿಗೆ ಅಂಟತಕ್ಕವಲ್ಲ. ಈ ರೋಗತತ್ತ್ವದ ಚರಿತ್ರೆಯಲ್ಲಿ ಭಾರತೀಯರಿಗೆ ಅತ್ಯಂತ ಸಮೀಪವಾದ ಅಧ್ಯಾಯವೆಂದರೆ, ಪ್ರಾಣವುಳಿಸಲೆಂದು ಕೊಟ್ಟ ಹುಚ್ಚುನಾಯಿ ಲಸಿಕೆಯೇ ಕೆಲವರಲ್ಲಿ ಲಕ್ವಕ್ಕೆ ಕಾರಣವಾದ ವೃತ್ತಾಂತ.

ಮೊದಲ ವಿಚಾರಗಳು: 1900ರ ಸುಮಾರಿನಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಮತ್ತು ಯೂಲಿಯುಸ್ ಮೋರ್ಗೆನ್‌ರೋಟ್ ಎಂಬ ವಿಜ್ಞಾನಿಗಳು ಆಡುಗಳಿಗೆ ಬೇರೆ ಆಡುಗಳ ರಕ್ತವನ್ನು ಚುಚ್ಚಿ ಪರೀಕ್ಷಿಸಿದಾಗ, ಅನ್ಯರಕ್ತವನ್ನು ಕರಗಿಸುವ ಪ್ರತಿಕಾಯಗಳು (ಆಂಟಿಬಾಡಿಗಳು) ಹುಟ್ಟಿದರೂ ಸ್ವಂತ ರಕ್ತವನ್ನು ಕರಗಿಸುವಂಥವು ಹುಟ್ಟದಿರುವುದನ್ನು ಕಂಡರು. ದೇಹವು ತನ್ನನ್ನು ತಾನೇ ಹಿಂಸಿಸಿಕೊಳ್ಳಲು ಹಿಂಜರಿಯುತ್ತದೆಂಬ ಎರ್ಲಿಖ್‌ನ ತತ್ತ್ವವು ಇಂತಹ ಪ್ರಯೋಗಗಳಿಂದ ಮೂಡಿತು. 1904ರಲ್ಲಿ ಡೊನಾತ್ ಮತ್ತು ಲ್ಯಾಂಡ್‌ಸ್ಟೈನರ್ ಎಂಬವರು, ಚಳಿ ತಾಗಿದೊಡನೆ ರಕ್ತಕಣಗಳು ಒಡೆದು ಮೂತ್ರ ಕೆಂಪಾಗುವ ವ್ಯಾಧಿಯೊಂದರಲ್ಲಿ ರೋಗಿಯ ಸ್ವಂತ ಪ್ರತಿಕಾಯವೇ ಅದಕ್ಕೆ ಕಾರಣವೆಂದು ತೋರಿಸಿಕೊಟ್ಟರೂ, ಎರ್ಲಿಖ್‌ನ ಮಾತಿಗಿದ್ದ ಗೌರವದಿಂದಾಗಿ ಸ್ವಪ್ರತಿರಕ್ಷೆಯೆಂಬುದು ಅಸಂಭವವೆಂಬ ಭಾವನೆ ಅರ್ಧಶತಮಾನದಷ್ಟು ಕಾಲ ಬಲವಾಗಿಯೇ ಉಳಿಯಿತು.

ಲಸಿಕೆ ಮತ್ತು ಲಕ್ವ: 1885ರಲ್ಲಿ ಲೂಯಿ ಪಾಶ್ಚರ್, ಜಲಭೀತಿರೋಗ (ರೇಬಿಸ್) ತಗಲಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಸಿದ್ಧಪಡಿಸಿದ ಲಸಿಕೆಯನ್ನು ಮನುಷ್ಯರಿಗೆ ಕೊಡಲಾರಂಭಿಸಿದರು. ತಲೆದೋರಿದ ಬಳಿಕ ಬಹುಮಟ್ಟಿಗೆ ಮರಣವೇ ಗತಿಯಾಗಿದ್ದ ಆ ರೋಗದಿಂದ ಅಸಂಖ್ಯ ಜನರು ಪಾರಾದರು. ಆದರೆ ಲಸಿಕೆ ಪಡೆದ ಕೆಲವರಿಗೆ ಎರಡು ಮೂರು ವಾರಗಳೊಳಗೆ ಜ್ವರ, ತಲೆನೋವು, ಕೈಕಾಲುಗಳ ಸ್ವಾಧೀನ ತಪ್ಪುವಿಕೆ, ಮೂತ್ರಬಂಧ ಮುಂತಾದುವು ಕಾಣಿಸಿಕೊಂಡು, ಕೆಲವರು ಸತ್ತುದೂ ಉಂಟು. 1905ರಲ್ಲಿ ಪಾಲ್ ರೆಂಲಿಂಜರ್ ಇಂತಹ ಪ್ರಸಂಗಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಈ ಲಕ್ವಕ್ಕೆ ಕಾರಣ ನಾಯಿಯ ವಿಷವೋ, ಲಸಿಕೆಯಲ್ಲಿ ಉಳಿದ ವೈರಸ್ಸೋ, ಮತ್ತಾವುದೋ ಎಂಬ ವಿವಾದ ಬಹುಕಾಲ ನಡೆಯಿತು.

ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಸ್ಥಾಪಿತವಾದುವು. ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ, ಪ್ರಾಣಿಗಳ ಮಿದುಳಿನಲ್ಲಿ ಬೆಳೆಸಿದ ವೈರಸನ್ನು ಕಾರ್ಬಾಲಿಕ್ ಆಮ್ಲದಿಂದ ನಿಷ್ಕ್ರಿಯಗೊಳಿಸುವ ವಿಧಾನವನ್ನು ರೂಪಿಸಿದರು. ಅಗ್ಗವೂ ಸುಲಭವೂ ಆದ, ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಈ ಲಸಿಕೆ ನಮ್ಮ ದೇಶದ ಹಳ್ಳಿಹಳ್ಳಿಗಳ ಆಧಾರವಾಯಿತು. ನಾಡಿನ ಹಿರಿಯರಿಗೆ ಹುಚ್ಚುನಾಯಿ ಕಡಿತವೆಂದೊಡನೆ ನೆನಪಾಗುವುದು ಹೊಟ್ಟೆಗೆ ದಿನಕ್ಕೊಂದರಂತೆ ಚುಚ್ಚುತ್ತಿದ್ದ ಹದಿನಾಲ್ಕು ಸೂಜಿಗಳೇ. ಪ್ರತಿಯೊಂದು ಸೂಜಿಯಿಂದಲೂ ನಿಷ್ಕ್ರಿಯ ವೈರಸ್ಸಿನೊಡನೆ ಕುರಿಯ ಮಿದುಳಿನ ಅಂಶವೂ ಶರೀರವನ್ನು ಸೇರುತ್ತಿತ್ತು.

ಕಾರಣದ ಶೋಧನೆ: ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ತಾಮಸ್ ರಿವರ್ಸ್ ಮತ್ತು ಸಂಗಡಿಗರು 1933 ಹಾಗೂ 1935ರಲ್ಲಿ ನಡೆಸಿದ ಪ್ರಯೋಗಗಳು ಈ ವಿವಾದವನ್ನು ಪರಿಹಾರದತ್ತ ಒಯ್ದುವು. ಯಾವ ವೈರಸ್ಸೂ ಇಲ್ಲದ, ಆರೋಗ್ಯವಂತ ಮೊಲದ ಮಿದುಳಿನ ದ್ರಾವಣವನ್ನು ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿದಾಗ, ಅವುಗಳಿಗೂ ಪಾರ್ಶ್ವವಾಯು ಬಡಿದು, ಮಿದುಳಿನಲ್ಲಿ ನರತಂತುಗಳ ಹೊದಿಕೆ ಕಳಚಿಹೋದುದು ಕಂಡುಬಂತು. ವಿದ್ಯುತ್ತಂತಿಯ ಮೇಲಿನ ರಬ್ಬರಿನಂತೆ ನರತಂತುವನ್ನು ಸುತ್ತಿರುವ ಮಯಲಿನ್ ಎಂಬ ಈ ಹೊದಿಕೆ ಮೊಲ, ಕುರಿ, ಮನುಷ್ಯರಲ್ಲಿ ಬಹುಮಟ್ಟಿಗೆ ಒಂದೇ ತೆರನಾದುದು. ಆದಕಾರಣ ಕುರಿಯ ಮಯಲಿನ್ನಿನ ಮೇಲೆ ಎಚ್ಚೆತ್ತ, ಲಿಂಫೋಸೈಟುಗಳೆಂಬ ರಕ್ಷಣಾಕೋಶಗಳು ಮನುಷ್ಯನ ಮಯಲಿನ್ನನ್ನೂ ಶತ್ರುವೆಂದೇ ಎಣಿಸುವುವು.

1956ರಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ ಮೊಲಗಳಲ್ಲಿ ಥೈರಾಯ್ಡ್ ಗ್ರಂಥಿಯ ಸ್ವಪ್ರತಿರಕ್ಷಾ ವ್ಯಾಧಿಯನ್ನು ಉಂಟುಮಾಡಿ ತೋರಿಸಿದರು. ಅದೇ ಸುಮಾರಿಗೆ ಲಂಡನ್ನಿನಲ್ಲಿ ರಾಯಿಟ್, ಡೋನಿಯಾಕ್, ಕ್ಯಾಂಬೆಲ್ ಎಂಬವರು ಹಶಿಮೋಟೊ ಎಂಬ ಥೈರಾಯ್ಡ್ ವ್ಯಾಧಿಯ ರೋಗಿಗಳ ರಕ್ತದಲ್ಲಿ ಆ ಗ್ರಂಥಿಗೆ ವಿರುದ್ಧವಾದ ಪ್ರತಿಕಾಯಗಳನ್ನು ಕಂಡುಹಿಡಿದರು. ಎರ್ಲಿಖ್‌ನ ಕಾಲದಿಂದ ಬಂದ ಸಂದೇಹ ಇಲ್ಲಿಗೆ ಸಡಿಲಿತು. 1987ರಲ್ಲಿ ಥಾಯ್ಲೆಂಡಿನ ಹೇಮಚುಧ ಮತ್ತು ಸಂಗಡಿಗರು, ಸೆಂಪಲ್ ಲಸಿಕೆಯಿಂದ ನರವ್ಯಾಧಿಗೀಡಾದವರಲ್ಲಿ ಮಯಲಿನ್ನಿನ ಒಂದು ಪ್ರೋಟೀನಿಗೆ ವಿರುದ್ಧವಾದ ಪ್ರತಿಕ್ರಿಯೆಯನ್ನು ಗುರುತಿಸಿ, ಕೋತಿಗಳಲ್ಲಿ ಕಂಡ ಸತ್ಯವನ್ನು ಮನುಷ್ಯರಲ್ಲಿಯೂ ದೃಢಪಡಿಸಿದರು.

ಕರ್ನಾಟಕದಲ್ಲಿ: 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರಿಗೆ ಲಸಿಕೆಯಿಂದ ನರವ್ಯಾಧಿಗೀಡಾದ ರೋಗಿಗಳನ್ನು ಪ್ರತ್ಯಕ್ಷವಾಗಿ ಪರೀಕ್ಷಿಸುವ ಪ್ರಸಂಗಗಳು ಒದಗಿದುವು. ಕಾರ್ಬಾಲಿಕ್ ಆಮ್ಲದ ಬದಲಾಗಿ ಬೀಟಾ ಪ್ರೊಪಿಯೊಲ್ಯಾಕ್ಟೋನನ್ನು ಬಳಸಿ ತಯಾರಿಸಿದ ಲಸಿಕೆಯಿಂದಲೂ ನರತೊಂದರೆಗಳು ಉಂಟಾಗುವುದನ್ನು ಅಲ್ಲಿನ ಎಚ್. ಎಸ್. ಸ್ವಾಮಿ, ಎಸ್. ಕೆ. ಶಂಕರ್ ಮೊದಲಾದವರು 1984ರಲ್ಲಿ ಪ್ರಕಟಿಸಿದರು. ವೈರಸನ್ನು ಕೊಲ್ಲುವ ರಸಾಯನ ಬದಲಾದರೂ ಲಸಿಕೆಯೊಳಗಿನ ಮಿದುಳಿನ ಅಂಗಾಂಶ ಬದಲಾಗದಿರುವಾಗ ಅಪಾಯ ತಪ್ಪುವಂತಿರಲಿಲ್ಲ. ಮಯಲಿನ್ ಇನ್ನೂ ಬೆಳೆಯದ ಎಳೆಯಿಲಿಗಳ ಮಿದುಳಿನಿಂದ ಚಿಲಿ ದೇಶದಲ್ಲಿ 1955ರಲ್ಲಿ ಸಿದ್ಧಪಡಿಸಿದ ಲಸಿಕೆಯೂ, ಬಳಿಕ ಜೀವಕೋಶಗಳ ಕೃಷಿಯಲ್ಲಿ ವೈರಸನ್ನು ಬೆಳೆಸಿ ತಯಾರಿಸಿದ ಲಸಿಕೆಗಳೂ ಪರಿಹಾರದ ಮಾರ್ಗವನ್ನು ತೋರಿಸಿದ್ದುವು. ಆದರೆ ಕೋಶಕೃಷಿಯ ಲಸಿಕೆಗೆ ಬೆಲೆ ಹೆಚ್ಚು. ಹಣವುಳ್ಳವರು ಅದನ್ನು ಕೊಂಡರು; ಕೂಲಿಕಾರರೂ ಕುರಿಗಾಹಿಗಳೂ ಸರ್ಕಾರಿ ಆಸ್ಪತ್ರೆಯಲ್ಲಿ ಹಳೆಯ ಲಸಿಕೆಯನ್ನೇ ಪಡೆದರು. ಭಾರತದಲ್ಲಿ ನರ ಅಂಗಾಂಶ ಲಸಿಕೆಯ ತಯಾರಿಕೆ ನಿಂತುದು 2004ರ ಕೊನೆಯಲ್ಲಿ. ರಿವರ್ಸರ ಪ್ರಯೋಗದಿಂದ ಅಲ್ಲಿಯವರೆಗಿನ ಸುಮಾರು ಎಪ್ಪತ್ತು ವರ್ಷಗಳ ಅಂತರವು, ವಿಜ್ಞಾನದ ಅರಿವು ಬಡವನ ಬಾಗಿಲನ್ನು ಮುಟ್ಟಲು ಎಷ್ಟು ತಡವಾಗಬಲ್ಲುದೆಂಬುದಕ್ಕೆ ಸಾಕ್ಷಿ. ಆ ತಡದ ಭಾರವನ್ನು ಹೊತ್ತವರನ್ನು ವೈದ್ಯಚರಿತ್ರೆ ಮರೆಯತಕ್ಕದ್ದಲ್ಲ. 2006ರಲ್ಲಿ, ಅಲ್ಪ ಪ್ರಮಾಣದ ಲಸಿಕೆಯನ್ನು ಚರ್ಮದ ಪದರದೊಳಗೇ ಚುಚ್ಚುವ ಮಿತವ್ಯಯದ ವಿಧಾನಕ್ಕೆ ದೇಶದಲ್ಲಿ ಅನುಮತಿ ದೊರೆತ ಮೇಲೆ, ಹೊಸ ಲಸಿಕೆ ಬಡವರಿಗೂ ಎಟುಕುವಂತಾಯಿತು.

ಇಂದಿನ ತಿಳಿವಳಿಕೆ: ಸ್ವಂತ ಅಂಗಾಂಶವನ್ನು ಗುರಿಯಾಗಿಸಬಲ್ಲ ಟಿ ಲಿಂಫೋಸೈಟುಗಳಲ್ಲಿ ಬಹುಪಾಲು ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿಯೇ ನಾಶವಾಗುತ್ತವೆ, ತಪ್ಪಿಸಿಕೊಂಡವುಗಳನ್ನು ನಿಯಂತ್ರಕ ಟಿ ಕೋಶಗಳು ಹತೋಟಿಯಲ್ಲಿಡುತ್ತವೆ. ಈ ಕೋಶಗಳನ್ನು 1995ರಲ್ಲಿ ಗುರುತಿಸಿದ ಜಪಾನಿನ ಶಿಮೋನ್ ಸಕಾಗುಚಿ, ಅವುಗಳಿಗೆ ಸಂಬಂಧಿಸಿದ ಜೀನನ್ನು ಕಂಡುಹಿಡಿದ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್, ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಪಾರಿತೋಷಕ ಸಂದಿತು. ಹುಟ್ಟಿನಿಂದ ಬಂದ ಒಲವು, ಸೋಂಕು, ಪರಿಸರ ಇವುಗಳ ಪ್ರಭಾವದಿಂದ ಈ ಹತೋಟಿ ಸಡಿಲಗೊಂಡಾಗ ಸ್ವಪ್ರತಿರಕ್ಷಾ ವ್ಯಾಧಿಗಳು ತಲೆದೋರುತ್ತವೆ.

ಈಗಿನ ಹುಚ್ಚುನಾಯಿ ಲಸಿಕೆಯಲ್ಲಿ ಮಿದುಳಿನ ಅಂಗಾಂಶವಿಲ್ಲ. ಅದನ್ನು ಹೊಟ್ಟೆಗೆ ಚುಚ್ಚದೆ ತೋಳಿಗೆ ಕೊಡುತ್ತಾರೆ. ಹದಿನಾಲ್ಕು ಸೂಜಿಗಳ ಮತ್ತು ಲಕ್ವದ ಹಳೆಯ ಭಯದಿಂದ ಯಾರೂ ಚಿಕಿತ್ಸೆಗೆ ಹಿಂದೆಗೆಯಬೇಕಾದ ಕಾರಣವಿಲ್ಲ. ಕಡಿತದ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು.