ಬೂದಿದಿಬ್ಬವೂ ನಾದಶಿಲೆಯೂ

ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯು ನಾರದಮುನಿಯ ಕ್ಷೇತ್ರವೆಂದು ಸುತ್ತಣ ಸೀಮೆಗೆಲ್ಲ ಪರಿಚಿತವಾದುದು. ಮಹತಿಯೆಂಬ ವೀಣೆಯನ್ನು ಹೆಗಲಿಗೇರಿಸಿಕೊಂಡು ಮೂರು ಲೋಕಗಳನ್ನೂ ಸುತ್ತುವ ಆ ದೇವರ್ಷಿಯನ್ನು ನಮ್ಮ ಜನರು ನಾದಕ್ಕೆ ಆಚಾರ್ಯನೆಂದು ಭಾವಿಸಿದ್ದಾರೆ. ತಂತಿಯಲ್ಲಿ, ಚರ್ಮದಲ್ಲಿ, ಕಂಚಿನಲ್ಲಿ ನಾದವಿರುವುದನ್ನು ಎಲ್ಲರೂ ಬಲ್ಲರು. ಆದರೆ ಕಲ್ಲಿನಲ್ಲಿಯೂ ನಾದವುಂಟೆಂಬುದನ್ನೂ, ಆ ನಾದವನ್ನು ಸಹಸ್ರಾರು ವರ್ಷಗಳ ಹಿಂದೆಯೇ ಕಂಡುಕೊಂಡ ಜನರು ಇದೇ ಹಳೆಯ ಬಳ್ಳಾರಿ ಸೀಮೆಯಲ್ಲಿದ್ದರೆಂಬುದನ್ನೂ ಬಲ್ಲವರು ವಿರಳ.

ಹಳೆಯ ಬಳ್ಳಾರಿ ಸೀಮೆಯೆಂದು ಹೇಳಲು ಕಾರಣವುಂಟು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳು ಬಹುಕಾಲ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದುವು. 1953ನೆಯ ಅಕ್ಟೋಬರ್ 1ರಂದು ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಕೂಡಿಕೊಂಡವು. ಹರಪನಹಳ್ಳಿಯು ಮುಂದೆ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಆಡಳಿತದ ಗೆರೆಗಳು ಹೀಗೆ ಅತ್ತಿತ್ತ ಸರಿದರೂ ನೆಲದ ಚರಿತ್ರೆಯು ಒಂದೇ. ಆ ಚರಿತ್ರೆಯ ಅತ್ಯಂತ ಪುರಾತನವಾದ ಅಧ್ಯಾಯವನ್ನು ಓದಲು ಶಾಸನಗಳು ನೆರವಾಗಲಾರವು. ಏಕೆಂದರೆ ಅದು ಲಿಪಿಯಿಲ್ಲದ ಕಾಲ. ಅದನ್ನು ಓದಿದುದು ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ, ನಾದಶಾಸ್ತ್ರಗಳೆಂಬ ನಾಲ್ಕು ವಿದ್ಯೆಗಳು ಒಂದರ ಕೈಯನ್ನೊಂದು ಹಿಡಿದು ನಡೆದಾಗ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹಾದಿಯಲ್ಲಿ ಕುಡತಿನಿಯ ಸಮೀಪ ಒಂದು ದೊಡ್ಡ ಬೂದಿದಿಬ್ಬವಿದೆ. ಇಂತಹ ದಿಬ್ಬಗಳು ಬಳ್ಳಾರಿ, ರಾಯಚೂರು, ಸುರಪುರದ ಸೀಮೆಗಳಲ್ಲಿ ಅನೇಕವಾಗಿವೆ. ಕೆಲವೆಡೆ ಮೆತ್ತನೆಯ ಬಿಳಿಯ ಬೂದಿ. ಕೆಲವೆಡೆ ಕರಗಿ ಹೆಪ್ಪುಗಟ್ಟಿದ ಗಾಜಿನಂತಹ ಕಿಟ್ಟ. ಮರವಿಲ್ಲದ ಬಯಲಿನಲ್ಲಿ ಇಷ್ಟು ಬೂದಿಯು ಎಲ್ಲಿಂದ ಬಂದಿತು? ಜನರು ಇದಕ್ಕೆ ಪುರಾಣದ ಉತ್ತರವನ್ನು ಕೊಟ್ಟುಕೊಂಡರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯನ್ನು ದಹನಮಾಡಿದ ಸ್ಥಳವೆಂದು ಇಂದಿಗೂ ಹೇಳುವುದುಂಟು. ಉಳಿದ ದಿಬ್ಬಗಳು ರಾಕ್ಷಸರ ಚಿತೆಗಳಾದುವು.

ಪಂಡಿತರ ಊಹೆಗಳೂ ಇದಕ್ಕಿಂತ ಬಹಳ ಮುಂದೆ ಹೋಗಿರಲಿಲ್ಲ. ಮದರಾಸು ಸೈನ್ಯದ ನ್ಯೂಬೋಲ್ಡ್ ಎಂಬ ಅಧಿಕಾರಿಯು 1843ರಲ್ಲಿ ಈ ದಿಬ್ಬಗಳ ವಿಷಯವಾಗಿ ಲೇಖನವನ್ನು ಪ್ರಕಟಿಸಿದನು. ವಿಜಯನಗರದ ಚರಿತ್ರೆಯನ್ನು ಬರೆದು ಪ್ರಸಿದ್ಧನಾದ ರಾಬರ್ಟ್ ಸ್ಯೂಯೆಲ್ಲನು 1899ರಲ್ಲಿ ಇವನ್ನು ವಿಜಯನಗರ ಕಾಲದ ಸಹಗಮನದ ಚಿತೆಗಳೊಡನೆ ಸಂಬಂಧಿಸಲು ಯತ್ನಿಸಿದನು. ಕಬ್ಬಿಣವನ್ನು ಕರಗಿಸಿದ ಕುಲುಮೆಗಳ ಕಿಟ್ಟವೆಂದವರೂ ಇದ್ದರು. ಒಬ್ಬೊಬ್ಬರೂ ತಮಗೆ ತಿಳಿದಿದ್ದ ಬೆಂಕಿಯನ್ನು ಆ ಬೂದಿಯಲ್ಲಿ ಕಂಡರು.

ಈ ಊಹೆಗಳ ನಡುವೆ ನೆಲವನ್ನೇ ಕೇಳಿದವನು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವಿಜ್ಞಾನ ಇಲಾಖೆಗೆ 1858ರಲ್ಲಿ ಸೇರಿದ ಈತನು 1863ನೆಯ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧವೊಂದನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸಕ್ಕೆ ತಳಹದಿಯನ್ನು ಹಾಕಿದನು. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವನ ಗ್ರಂಥವು 1895ರದು. ಬೂದಿದಿಬ್ಬಗಳ ಸುತ್ತಮುತ್ತ ನಯಗೊಳಿಸಿದ ಕಲ್ಲುಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ಕಂಡ ಫೂಟನು, ಇವು ವಿಜಯನಗರಕ್ಕಿಂತ ಬಹು ಪುರಾತನವಾದ ನವಶಿಲಾಯುಗದವೆಂದೂ, ಬೂದಿಯು ದನದ ಸಗಣಿ ಸುಟ್ಟುದರಿಂದಾದುದೆಂದೂ ನಿರ್ಣಯಿಸಿದನು. ಆದರೆ ಈ ಮಾತು ಎಲ್ಲರಿಗೂ ಒಪ್ಪಿಗೆಯಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಒಪ್ಪಿಸಿದುದು ರಸಾಯನಶಾಸ್ತ್ರ. ಲಂಡನ್ನಿನ ಪ್ರಾಕ್ತನಶಾಸ್ತ್ರ ಸಂಸ್ಥೆಯ ಝಾಯ್ನರನು ಬಳ್ಳಾರಿ ಸೀಮೆಯ ದಿಬ್ಬಗಳ ಹುಟ್ಟನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, 1960ರ ಹೊತ್ತಿಗೆ ತನ್ನ ನಿರ್ಣಯವನ್ನು ಪ್ರಕಟಿಸಿದನು. ದನವು ಮೇಯುವ ಹುಲ್ಲಿನಲ್ಲಿ ಮರಳಿನ ಸಾರವಾದ ಸಿಲಿಕವು ಅಡಗಿರುತ್ತದೆ; ಹುಲ್ಲು ಜೀರ್ಣವಾದರೂ ಅದು ಸಗಣಿಯಲ್ಲಿ ಉಳಿಯುತ್ತದೆ. ಒಲೆಯಲ್ಲಿ ಉರಿದ ಕುಳ್ಳು ಬರಿಯ ಬೂದಿಯಾಗುತ್ತದೆ. ಆದರೆ ವರ್ಷಗಟ್ಟಲೆ ಕೂಡಿದ ಸಗಣಿಯ ರಾಶಿಗೆ ಬೆಂಕಿ ಬಿದ್ದು ಒಳಗೇ ಕಾವೇರಿದಾಗ ಆ ಸಿಲಿಕವು ಬೂದಿಯ ಕ್ಷಾರಗಳೊಡನೆ ಕೂಡಿ ಕರಗಿ ಗಾಜಿನ ಕಿಟ್ಟವಾಗುತ್ತದೆ. ಹೀಗೆ ಕಬ್ಬಿಣದ ಕುಲುಮೆಯೂ ಚಿತೆಯೂ ಇಲ್ಲದೆಯೇ ಕಿಟ್ಟದ ರಹಸ್ಯವು ಬಿಡಿಸಿತು.

ಅದೇ ಕಾಲದಲ್ಲಿ, 1957ರಲ್ಲಿ, ಆಲ್ಚಿನ್ ಎಂಬ ವಿದ್ವಾಂಸನು ತೆಲಂಗಾಣದ ಮಹಬೂಬನಗರ ಜಿಲ್ಲೆಯ ಉತ್ನೂರಿನಲ್ಲಿ ಇಂತಹುದೇ ಒಂದು ದಿಬ್ಬವನ್ನು ಅಗೆದನು. ಮರದ ಗೂಟಗಳನ್ನು ನೆಟ್ಟು ಕಟ್ಟಿದ ದೊಡ್ಡಿಗಳ ಗುರುತುಗಳೂ, ಬೂದಿಯ ಪದರದಲ್ಲಿ ದನಗಳ ಗೊರಸಿನ ಅಚ್ಚುಗಳೂ ಅಲ್ಲಿ ದೊರೆತುವು. ಪ್ರಯೋಗಶಾಲೆಯು ಹೇಳಿದುದಕ್ಕೆ ನೆಲವೇ ಸಾಕ್ಷಿ ನುಡಿಯಿತು. ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವ ನಮ್ಮ ಪದ್ಧತಿಯಂತಹ ಆಚರಣೆಗಳನ್ನು ನೆನೆದು, ಸಗಣಿಯ ರಾಶಿಗೆ ಬೆಂಕಿಯಿಟ್ಟುದು ಆಕಸ್ಮಿಕವಲ್ಲ, ಪಶುಗಳ ಕ್ಷೇಮಕ್ಕಾಗಿ ನಡೆಸಿದ ಹಬ್ಬವಿರಬಹುದೆಂದು ಆಲ್ಚಿನ್ ಅಭಿಪ್ರಾಯಪಟ್ಟನು. ಮುಂದೆ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ವಿಸ್ತಾರವಾಗಿ ಉತ್ಖನನ ನಡೆಸಿ, ದಿಬ್ಬದ ಪಕ್ಕದಲ್ಲಿಯೇ ಜನವಸತಿಯೂ ಇದ್ದುದನ್ನು ತೋರಿಸಿಕೊಟ್ಟರು.

ದನವನ್ನು ಸಾಕಿದ ಈ ಜನರು ಏನನ್ನು ಉಣ್ಣುತ್ತಿದ್ದರು? ಇದಕ್ಕೆ ಉತ್ತರವಿತ್ತುದು ಜೀವಶಾಸ್ತ್ರ. ಬಳ್ಳಾರಿಯ ಈಶಾನ್ಯಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಸಂಗನಕಲ್ಲು, ಕಪ್ಪಗಲ್ಲು ಗ್ರಾಮಗಳ ಗುಡ್ಡಗಳಿವೆ. ಡೆಕ್ಕನ್ ಕಾಲೇಜಿನ ಸುಬ್ಬರಾಯರು 1946ರಲ್ಲಿ ಸಂಗನಕಲ್ಲಿನಲ್ಲಿ ಉತ್ಖನನ ಮಾಡಿ 1948ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಬಗ್ಗೆ ಗ್ರಂಥವನ್ನು ಹೊರತಂದರು. ಅನ್ಸಾರಿ ಮತ್ತು ನಾಗರಾಜರಾಯರು 1964–65ರಲ್ಲಿ ಆ ಕಾರ್ಯವನ್ನು ಮುಂದುವರಿಸಿದರು. ಬಳಿಕ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್, ಕೇಂಬ್ರಿಜ್ಜಿನ ನಿಕೋಲ್ ಬೋಯ್ವಿನ್ ಇವರು ಕೂಡಿ ಹೊಸ ಕ್ರಮದಿಂದ ಸಂಶೋಧನೆ ನಡೆಸಿದರು. ಅಗೆದ ಮಣ್ಣನ್ನು ಇವರು ಎಸೆಯಲಿಲ್ಲ, ನೀರಿನಲ್ಲಿ ಕದಡಿದರು. ಮಣ್ಣು ತಳಕ್ಕಿಳಿಯುತ್ತದೆ, ಪುರಾತನ ಒಲೆಗಳಲ್ಲಿ ಕರಿಕಾಗಿ ಉಳಿದ ಕಾಳುಗಳು ಮೇಲೆ ತೇಲುತ್ತವೆ. ಹೀಗೆ ತೇಲಿಬಂದ ಕಾಳುಗಳಲ್ಲಿ ಹುರುಳಿಯೂ ಹೆಸರೂ ಇದ್ದುವು. ಕೊರಲೆಯೂ ನವಣೆಯ ಜಾತಿಯ ಸಣ್ಣ ಧಾನ್ಯವೂ ಇದ್ದುವು. ಗೋದಿ, ಜವೆಗಳು ಉತ್ತರದಿಂದ ಬಂದು ಸೇರಿಕೊಂಡುವು. ದಕ್ಷಿಣದ ಕೃಷಿಯು ಬೇರೆಡೆಯಿಂದ ಎರವಲು ಬಂದುದಷ್ಟೇ ಅಲ್ಲ, ಈ ಒಣ ಬಯಲಿನ ಹುಲ್ಲು ಬಳ್ಳಿಗಳನ್ನೇ ಪಳಗಿಸಿ ಬೆಳೆಸಿದುದೆಂಬ ಮಹತ್ವದ ಮತಕ್ಕೆ ಈ ಕರಿಕಾಳುಗಳು ಆಧಾರವಾದುವು. ಹರಪನಹಳ್ಳಿಯ ರೈತನು ಇಂದು ಮನೆಯಲ್ಲಿ ಹುರುಳಿಯನ್ನು ಬೇಯಿಸುವಾಗ ನಾಲ್ಕು ಸಾವಿರ ವರ್ಷಗಳ ಅಡಿಗೆಯನ್ನೇ ಮುಂದುವರಿಸುತ್ತಿರುವನೆಂದರೆ ಅತಿಶಯೋಕ್ತಿಯಲ್ಲ.

ನಾಲ್ಕು ಸಾವಿರ ವರ್ಷವೆಂದು ಅಳೆದು ಹೇಳಿದುದು ಗಣಿತ. ಜೀವಿಗಳಲ್ಲೆಲ್ಲ ಇರುವ ಇಂಗಾಲದಲ್ಲಿ ಅತ್ಯಲ್ಪ ಭಾಗವು ತಾನಾಗಿ ಕ್ಷಯಿಸುವ ಜಾತಿಯದು. ಜೀವಿಯು ಸತ್ತಮೇಲೆ ಅದು 5730 ವರ್ಷಗಳಲ್ಲಿ ಅರ್ಧವಾಗುತ್ತದೆ, ಇನ್ನೊಂದು ಅಷ್ಟೇ ಅವಧಿಯಲ್ಲಿ ಕಾಲುಭಾಗವಾಗುತ್ತದೆ. ಅಮೆರಿಕದ ಲಿಬ್ಬಿಯು 1949ರಲ್ಲಿ ಈ ತತ್ತ್ವದಿಂದ ಪುರಾತನ ವಸ್ತುಗಳ ವಯಸ್ಸನ್ನು ಅಳೆದು ತೋರಿಸಿದನು. ಒಂದು ಅಳತೆಯಲ್ಲಿ ಹತ್ತಾರು, ಕೆಲವು ವೇಳೆ ನೂರಾರು ವರ್ಷಗಳ ಸಂದೇಹವಿರುವುದು ಸಹಜ. ಆದುದರಿಂದ ಅನೇಕ ಅಳತೆಗಳನ್ನು ಕೂಡಿಸಿ, ಕೆಳಗಣ ಪದರವು ಮೇಲಣದಕ್ಕಿಂತ ಹಳೆಯದೆಂಬ ಮಾತನ್ನೂ ಲೆಕ್ಕಕ್ಕೆ ಸೇರಿಸಿ, ಸಂಭಾವ್ಯತಾ ಗಣಿತದ ನೆರವಿನಿಂದ ಸಂದೇಹವನ್ನು ಕಿರಿದುಮಾಡುತ್ತಾರೆ. ಸಂಗನಕಲ್ಲು ಮತ್ತು ನೆರೆಯ ನೆಲೆಗಳ ಕಾಲಗಣನೆಯನ್ನು 2007ರಲ್ಲಿ ಫುಲ್ಲರ್, ಬೋಯ್ವಿನ್, ಕೋರಿಶೆಟ್ಟರರು ಪ್ರಕಟಿಸಿದರು. ದಕ್ಷಿಣದ ನವಶಿಲಾಯುಗವು ಸ್ಥೂಲವಾಗಿ ಕ್ರಿ.ಪೂ. 3000ದಿಂದ 1200ರವರೆಗಿನದೆಂದೂ, ದೊಡ್ಡಿಯ ಬೂದಿಯು ಕೂಡುತ್ತಿದ್ದ ಕಾಲದ ಬಳಿಕ ಗುಡ್ಡಗಳ ಮೇಲೆ ನೆಲೆಯಾದ ಊರುಗಳು ಬೆಳೆದುವೆಂದೂ ಈಗ ತಿಳಿಯುತ್ತದೆ. ರಾಕ್ಷಸರ ಚಿತೆಯು ಹೀಗೆ ವರ್ಷಗಳ ಲೆಕ್ಕಕ್ಕೆ ಬಂದಿತು.

ಇನ್ನುಳಿದುದು ನಾದ. ಕಪ್ಪಗಲ್ಲಿನ ಹಿರೇಗುಡ್ಡವು ಬಿಳಿಯ ಬಂಡೆಗಳ ಗುಡ್ಡ. ಅದರ ಮೈಯನ್ನು ಸೀಳಿಕೊಂಡು ಡೋಲರೈಟ್ ಎಂಬ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಆ ಕರಿಕಲ್ಲಿನಿಂದಲೇ ನವಶಿಲಾಯುಗದವರು ತಮ್ಮ ಕೊಡಲಿಗಳನ್ನು ಮಾಡಿದರು. ಗುಡ್ಡದ ಮೇಲೆ ಕೊಡಲಿಗಳನ್ನು ತಯಾರಿಸುವ ನೆಲೆಯೇ ಇದ್ದಿತು. ಅದೇ ಬಂಡೆಗಳ ಮೇಲೆ ನೂರಾರು ಕೆತ್ತನೆಗಳಿವೆ. ಉದ್ದ ಕೋಡಿನ, ಇಣಿಯ ಎತ್ತುಗಳೇ ಬಹಳ, ನಡುನಡುವೆ ಮನುಷ್ಯರು. ಎಲ್ಲ ಕೆತ್ತನೆಗಳೂ ಒಂದೇ ಕಾಲದವಲ್ಲವಾದರೂ ಬಹು ಭಾಗವು ಆ ಪಶುಪಾಲಕರದೆಂದು ತಜ್ಞರ ಮತ. ಕೆಲವನ್ನು ಮೇಲಣ ಬಂಡೆಯಿಂದ ತೂಗುಬಿದ್ದೇ ಕೆತ್ತಬೇಕಾಗಿದ್ದಿತು. ಅಷ್ಟು ದುರ್ಗಮವಾದ ಎಡೆಗಳವು.

ಈ ಕೆತ್ತನೆಗಳನ್ನು ಹ್ಯೂಬರ್ಟ್ ನಾಕ್ಸ್ ಗುರುತಿಸಿದನು. ಫಾಸೆಟ್ಟನು 1892ರಲ್ಲಿ ಇವುಗಳನ್ನು ಕುರಿತು ಬರೆದನು. ಆದರೆ ಹಳೆಯ ಛಾಯಾಚಿತ್ರಗಳು ಕಾಲಾಂತರದಲ್ಲಿ ಮಸುಕಾಗಿಯೋ ಕಳೆದೋ ಹೋದುವು. ಬೋಯ್ವಿನ್ ತಮ್ಮ ಅಧ್ಯಯನವನ್ನು 2004ರಲ್ಲಿ ಪ್ರಕಟಿಸಿದಾಗ ಕಣ್ಣಿಗೆ ಕಾಣುವ ಚಿತ್ರಗಳ ಜೊತೆಗೆ ಕಿವಿಗೆ ಕೇಳುವ ಸಂಗತಿಯೊಂದು ಬೆಳಕಿಗೆ ಬಂದಿತು. ಕೆಲವು ಬಂಡೆಗಳ ಮೇಲೆ ಬಟ್ಟಲಿನಂತಹ ಸಣ್ಣ ಕುಳಿಗಳಿವೆ. ಅಲ್ಲಿ ಗುಂಡುಕಲ್ಲಿನಿಂದ ಹೊಡೆದರೆ ಜಾಗಟೆಯಂತೆ ಗಂಭೀರವಾದ ನಾದವು ಹೊರಡುತ್ತದೆ. ಆ ಕುಳಿಗಳು ಚಿತ್ರಗಳಲ್ಲ. ಮತ್ತೆ ಮತ್ತೆ ಬಡಿದ ಪೆಟ್ಟಿನ ಗುರುತುಗಳು. ಅಂದರೆ ಆ ಗುಡ್ಡವು ಚಿತ್ರಶಾಲೆಯೂ ಹೌದು, ವಾದ್ಯವೂ ಹೌದು.

ಕಲ್ಲು ನುಡಿಯುವುದೇಕೆ? ಡೋಲರೈಟಿನ ಹರಳುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಒಳಬಿರುಕಿಲ್ಲದ ಬಂಡೆಯಲ್ಲಿ ಪೆಟ್ಟಿನ ಕಂಪನವು ಬೇಗನೆ ಅಡಗದು. ಬಂಡೆಯು ನೆಲಕ್ಕೆ ಪೂರ್ತಿಯಾಗಿ ಅಂಟಿಕೊಳ್ಳದೆ ಎರಡು ಮೂರು ಎಡೆಗಳಲ್ಲಿ ಮಾತ್ರ ಆತುಕೊಂಡಿದ್ದರೆ ನಾದವು ಇನ್ನಷ್ಟು ಸ್ಫುಟವಾಗುತ್ತದೆ. ಹಂಪೆಯ ವಿಠಲ ದೇವಾಲಯದ ಕಂಬಗಳನ್ನು ಕಲ್ಪಾಕಂನ ವಿಜ್ಞಾನಿಗಳು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ನಿರ್ಣಯವೂ ಇಲ್ಲಿ ಸ್ಮರಣೀಯ. ಅವು ಒಳಗೆ ಟೊಳ್ಳೆಂಬ ಜನರ ನಂಬಿಕೆ ನಿಜವಲ್ಲ. ಗಟ್ಟಿಯಾದ ಕಂಬಗಳೇ ಪೆಟ್ಟಿಗೆ ಬಾಗಿ ಕಂಪಿಸಿ ಸ್ವರವನ್ನು ಕೊಡುತ್ತವೆ. ವಿಜಯನಗರದ ಶಿಲ್ಪಿಯು ಕಡೆದು ಪಡೆದ ನಾದವನ್ನು ಅವನಿಗಿಂತ ಮೂರು ಸಾವಿರ ವರ್ಷ ಹಿಂದಿನ ದನಗಾಹಿಯು ಗುಡ್ಡದಲ್ಲಿ ಹುಡುಕಿ ಪಡೆದನೆನ್ನಬಹುದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ರಸಾಯನಶಾಸ್ತ್ರವೊಂದೇ ಆಗಿದ್ದರೆ ನಮಗೆ ಸಗಣಿಯ ಬೂದಿ ಮಾತ್ರ ತಿಳಿಯುತ್ತಿತ್ತು; ಜೀವಶಾಸ್ತ್ರವೊಂದೇ ಆಗಿದ್ದರೆ ಹಿಡಿ ಕಾಳು; ಗಣಿತದಿಂದ ಬರಿಯ ಅಂಕಿ; ನಾದಶಾಸ್ತ್ರದಿಂದ ಒಂದು ಧ್ವನಿ. ನಾಲ್ಕೂ ಕೂಡಿದಾಗ ಮಾತ್ರ ಮನುಷ್ಯರು ಕಾಣುತ್ತಾರೆ. ದನವನ್ನು ದೈವದಂತೆ ಕಂಡು ಬಂಡೆಯ ಮೇಲೆ ಅದನ್ನೇ ಕೆತ್ತಿದವರು, ಹುರುಳಿಯನ್ನು ಬಿತ್ತಿದವರು, ಸಗಣಿಯ ರಾಶಿಗೆ ಬೆಂಕಿಯಿಟ್ಟವರು, ಕಲ್ಲನ್ನು ನುಡಿಸಿದವರು. ಅವರ ಭಾಷೆ ನಮಗೆ ತಿಳಿಯದು. ಆದರೆ ಅವರು ಕೇಳಿದ ನಾದವನ್ನು ನಾವೂ ಕೇಳಬಹುದು. ಪ್ರಪಂಚದ ಎಷ್ಟೋ ದೊಡ್ಡ ಸಾಮ್ರಾಜ್ಯಗಳು ತಮ್ಮ ಧ್ವನಿಯನ್ನು ಹೀಗೆ ಬಿಟ್ಟುಹೋಗಿಲ್ಲ.

ಆ ಧ್ವನಿಯು ಎಷ್ಟು ಕಾಲ ಉಳಿದೀತು? ಬೂದಿದಿಬ್ಬಗಳನ್ನು ಹೊಲಕ್ಕೆ ಗೊಬ್ಬರವೆಂದು ಗಾಡಿಗಟ್ಟಲೆ ಸಾಗಿಸಿದುದುಂಟು. ರೈತನಿಗೆ ಅದು ದನದ ಬೂದಿಯೇ ಹೊರತು ಚರಿತ್ರೆಯಲ್ಲ. ಕಪ್ಪಗಲ್ಲಿನ ಸ್ಥಿತಿಯು ಇನ್ನೂ ಕಠಿಣ. 2004ರ ಅಧ್ಯಯನವು ಪ್ರಕಟವಾದಾಗಲೇ ಕಲ್ಲುಗಣಿಗಾರಿಕೆಯು ಗುಡ್ಡದ ಕೆಲವು ಭಾಗಗಳನ್ನು ತಿಂದುಹಾಕಿದ್ದಿತು. ಅದರ ರಕ್ಷಣೆಗಾಗಿ ಸಂಶೋಧಕರು ಸರ್ಕಾರವನ್ನು ಪ್ರಾರ್ಥಿಸಬೇಕಾಯಿತು. ಮುಂದೆ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟನ ಹೆಸರಿನಲ್ಲಿ ಸಂಗನಕಲ್ಲು ವಸ್ತುಸಂಗ್ರಹಾಲಯವು ಸ್ಥಾಪಿತವಾದುದು ಸಂತೋಷದ ವಿಷಯ. ಅಲ್ಲಿ ಕೊಡಲಿಯನ್ನಿಡಬಹುದು, ಮಡಕೆಯ ಚೂರನ್ನಿಡಬಹುದು. ನಾದವನ್ನು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿಡಲು ಬಾರದು. ಬಂಡೆಯು ಇದ್ದಲ್ಲಿಯೇ, ಆತುಕೊಂಡಿದ್ದಂತೆಯೇ ಇದ್ದರೆ ಅದು ನುಡಿದೀತು. ಒಂದಿಷ್ಟು ಜರುಗಿದರೂ ಮೂಕವಾದೀತು.

ಕಳೆದ ಛಾಯಾಚಿತ್ರವನ್ನು ಮತ್ತೆ ತೆಗೆಯಬಹುದು. ತಪ್ಪಿದ ಲೆಕ್ಕವನ್ನು ಮತ್ತೆ ಹಾಕಬಹುದು. ಸಿಡಿಮದ್ದಿಗೆ ಸೀಳಿದ ಬಂಡೆಯು ಮರಳಿ ಕೂಡದು. ನಾರದನ ಕೈಯ ವೀಣೆಗೆ ವರ್ಷವರ್ಷವೂ ಉತ್ಸವ ನಡೆಸುವ ನಾಡಿನವರು ತಮ್ಮ ನೆಲದ ಅತ್ಯಂತ ಹಳೆಯ ವಾದ್ಯವನ್ನೂ ಒಮ್ಮೆ ಹೋಗಿ ಕೇಳಬೇಕು, ಮಕ್ಕಳನ್ನೂ ಕರೆದೊಯ್ಯಬೇಕು. ಗುಡ್ಡಕ್ಕೆ ಕಾವಲಿನ ಬೇಲಿಗಿಂತಲೂ, ಅದರ ನಾದವನ್ನು ಕೇಳಿ ಬಂದ ಜನರ ನೆನಪೇ ಬಲವಾದ ರಕ್ಷೆ.