ಮಾಳಿಗೆಯ ಬಿಸಿಲಿನಿಂದ ಒಣಗಿಸುವ ಪೆಟ್ಟಿಗೆಯವರೆಗೆ



ಹೋದ ಸುಗ್ಗಿ ಮುಗಿದ ಮೇಲೆ ನಮ್ಮ ಹೋಬಳಿಯ ಒಂದು ಊರಿನ ಸ್ತ್ರೀಶಕ್ತಿ ಸಂಘದ ನಾಲ್ಕು ಮಂದಿ ಅಕ್ಕಂದಿರು ರೈತ ಸಂಪರ್ಕ ಕೇಂದ್ರಕ್ಕೆ ಬಂದಿದ್ದರು. ಹಿರಿಯಕ್ಕನ ಕೈಯಲ್ಲಿ ಬಣ್ಣದ ಕರಪತ್ರ ಒಂದಿತ್ತು. “ಸಾಹೇಬ್ರ, ಕಾಯಿಪಲ್ಯ, ಮೆಣಸಿನಕಾಯಿ ಒಣಗಸೋ ಕರೆಂಟಿನ ಪೆಟ್ಟಿಗಿ ಅಂತ. ಸಂಘದ ರೊಕ್ಕದಾಗ ತಗೋಬೇಕಂತ ಮಾಡೇವಿ. ತಗೊಳ್ಳೋಣೋ ಬ್ಯಾಡೋ, ನೀವ ಹೇಳ್ರಿ” ಅಂದರು.

ನಾನು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಅದಕ್ಕೆ ಕಾರಣ ಉಂಟು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ನನ್ನ ಮಾತು ನಂಬಿ ಒಂದು ಮನೆಯವರು ಇಂಥದೇ ಪೆಟ್ಟಿಗೆ ಕೊಂಡಿದ್ದರು. ಅದರಲ್ಲಿ ಶಾಖ ಹೆಚ್ಚುಕಡಿಮೆ ಮಾಡುವ ತಿರುಗಣೆಯೇ ಇರಲಿಲ್ಲ. ಮಾವಿನಹಣ್ಣಿನ ಹೋಳು ಹೊರಗೆ ಗರಿಗರಿಯಾಗಿ ಒಣಗಿತು, ಒಳಗೆ ಹಸಿ ಉಳಿಯಿತು. ಡಬ್ಬಿಗೆ ತುಂಬಿ ತಿಂಗಳು ಕಳೆಯುವುದರೊಳಗೆ ಬೂಷ್ಟು ಹಿಡಿದು, ಅಷ್ಟೂ ತಿಪ್ಪೆಗೆ ಹೋಯಿತು. ಆ ಮನೆಯ ಮುಂದೆ ಹಾಯುವಾಗ ಇವತ್ತಿಗೂ ನನ್ನ ತಲೆ ತಾನಾಗಿ ತಗ್ಗುತ್ತದೆ. ಆದ್ದರಿಂದ ಅಕ್ಕಂದಿರಿಗೆ ಚಹಾ ತರಿಸಿ, ಒಣಗಿಸುವ ವಿದ್ಯೆ ಎಲ್ಲಿಂದ ಎಲ್ಲಿಗೆ ಬಂತು ಎಂಬ ಕಥೆಯನ್ನು ಮೊದಲು ಹೇಳಿದೆ. ಹಳೆಯವರು ಎಲ್ಲೆಲ್ಲಿ ಎಡವಿದರು ಎಂಬುದು ತಿಳಿದರೆ, ಹೊಸ ಪೆಟ್ಟಿಗೆಯಲ್ಲಿ ಏನೇನು ನೋಡಬೇಕೆಂಬುದು ತಾನೇ ತಿಳಿಯುತ್ತದೆ. ಅದೇ ಕಥೆಯನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಈ ವಿದ್ಯೆ ನಮಗೇನು ಹೊಸದಲ್ಲ. ಬೇಸಿಗೆ ಬಂತೆಂದರೆ ನಮ್ಮ ಮಾಳಿಗೆಗಳ ಮೇಲೆ ಶ್ಯಾವಿಗೆ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ಕರಾವಳಿಯಲ್ಲಿ ಹಲಸಿನ ಹಪ್ಪಳ, ಮಾವಿನ ಮಾಂಬಳ, ಒಣಮೀನು. ಮಲೆನಾಡಿನಲ್ಲಿ ಅಡಿಕೆ, ಮುರುಗಲ ಸಿಪ್ಪೆ. ಚಾಲಿ ಅಡಿಕೆ ಬಿಸಿಲಿನಲ್ಲಿ ಒಣಗಲು ನಲವತ್ತು ದಿನಕ್ಕೂ ಹೆಚ್ಚು ಬೇಕೆಂಬುದು ಅಲ್ಲಿನ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ.

ಒಣಗಿಸುವ ವಿದ್ಯೆಯಿಂದ ರಾಜ್ಯಗಳೇ ಬಾಳಿವೆ. ಬಳ್ಳಿಯ ಹಸಿರು ಮೆಣಸು ಬಿಸಿಲಿಗೆ ಒಣಗಿ ಕಪ್ಪಾದ ಮೇಲೆ ತಾನೇ ತಿಂಗಳುಗಟ್ಟಲೆ ಹಡಗಿನಲ್ಲಿ ಕೆಡದೆ ಹೋಗುವುದು? 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಅದೇ ಪೋರ್ಚುಗೀಸರು 1498ರಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದ ಮೇಲೆ, ಅಮೆರಿಕ ಖಂಡದ ಮೆಣಸಿನಕಾಯಿಯೂ ನಮ್ಮ ನಾಡಿಗೆ ಬಂತು. ಇಂದು ನಮ್ಮ ಬ್ಯಾಡಗಿ ಕಾಯಿಗೆ ಬಣ್ಣವೇ ಬೆಲೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಕೂಡ ದೊರೆಯಿತು. ಆ ಬಣ್ಣ ಉಳಿಯುವುದೂ ಹೋಗುವುದೂ ಬಹುಪಾಲು ಒಣಗಿಸುವ ಕಣದಲ್ಲಿಯೇ.

ಇನ್ನು ಬೇರೆ ನಾಡುಗಳ ಕಡೆ ನೋಡೋಣ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ರೈತರು ಆಲೂಗಡ್ಡೆಯನ್ನು ರಾತ್ರಿಯ ಕೊರೆಯುವ ಚಳಿಗೆ ಹರವಿ ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸುತ್ತಿದ್ದರು. ‘ಚುನ್ಯೊ’ ಎಂಬ ಆ ಆಲೂಗಡ್ಡೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಇಂಕಾ ಅರಸರ ಉಗ್ರಾಣಗಳಲ್ಲಿ ಬರಗಾಲಕ್ಕೆಂದು ಅದನ್ನು ಕೂಡಿಡುತ್ತಿದ್ದರು. ಎರಡು ಸಾವಿರ ವರ್ಷಗಳ ಹಿಂದೆ ರೋಮ್ ದೇಶದ ಕೊಲುಮೆಲ್ಲಾ ಎಂಬ ಕೃಷಿ ಗ್ರಂಥಕಾರ, ದ್ರಾಕ್ಷಿಯನ್ನು ಬೂದಿಯ ಸಾರು ಮತ್ತು ಎಣ್ಣೆಯಲ್ಲಿ ಅದ್ದಿ ಒಣಗಿಸಬೇಕೆಂದು ಬರೆದಿಟ್ಟ. ಇಂದು ವಿಜಯಪುರದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಪೊಟ್ಯಾಶಿಯಂ ಕಾರ್ಬೊನೇಟು ಮತ್ತು ಅದ್ದುವ ಎಣ್ಣೆ ಬಳಸುತ್ತಾರಲ್ಲ, ಅದೂ ಇದೇ ದಾರಿಯದು. ದ್ರಾಕ್ಷಿಯ ಮೇಲಿನ ಮೇಣ ಸಡಿಲವಾದರೆ ಒಳಗಿನ ನೀರು ಬೇಗ ಹೊರಗೆ ಬರುತ್ತದೆ.

ಆದರೆ ಬಿಸಿಲು ನಮ್ಮ ಕೈಯಾಳಲ್ಲ ನೋಡಿ. ಮೋಡ ಬಂದರೆ ಕೆಲಸ ನಿಂತಿತು. ಅಡ್ಡಮಳೆ ಬಿದ್ದರೆ ಕಣದ ಕಾಯಿ ಬೆಳ್ಳಗಾಯಿತು. ಈ ತೊಂದರೆಗೆ ಮನುಷ್ಯ ಮೊದಲು ಕಂಡುಕೊಂಡ ಉಪಾಯ ಒಲೆಯ ಮೇಲಿನ ಅಟ್ಟ. ನೀರಿನಂಶ ಹೋಯಿತು, ಹುಳ ಹತ್ತಲಿಲ್ಲ, ಆದರೆ ಹೊಗೆಯ ವಾಸನೆ ಹತ್ತಿತು. ಹೊಗೆ ಬೇಡ, ಬಿಸಿಗಾಳಿ ಮಾತ್ರ ಸಾಕು ಎಂಬ ಯೋಚನೆ 1795ರಲ್ಲಿ ಫ್ರಾನ್ಸಿನಲ್ಲಿ ಕೈಗೂಡಿತು. ತೆಳ್ಳಗೆ ಹೆಚ್ಚಿದ ತರಕಾರಿಯನ್ನು ಒಂದು ಕೋಣೆಯಲ್ಲಿ ಹರವಿ, ಸುಮಾರು 40 ಡಿಗ್ರಿ ಶಾಖದ ಗಾಳಿ ಹಾಯಿಸಿ ಒಣಗಿಸಿದರು. ಇಂದಿನ ಪೆಟ್ಟಿಗೆಗಳಿಗೆಲ್ಲ ಆ ಕೋಣೆಯೇ ಮುತ್ತಜ್ಜ ಅನ್ನಬಹುದು.

ಮುಂದೆ ಈ ವಿದ್ಯೆಯನ್ನು ಬೆಳೆಸಿದ್ದು ಯುದ್ಧಗಳು. 1853ರಿಂದ 1856ರವರೆಗಿನ ಕ್ರಿಮಿಯಾ ಯುದ್ಧದಲ್ಲಿ ಸೈನಿಕರಿಗೆ ಒಣತರಕಾರಿ ಹೋಯಿತು. 1861ರಲ್ಲಿ ಆರಂಭವಾದ ಅಮೆರಿಕದ ಅಂತರ್ಯುದ್ಧದಲ್ಲಿಯೂ ಹೋಯಿತು. ಆದರೆ ಅಲ್ಲಿನ ಸಿಪಾಯಿಗಳು ಅದನ್ನು ಬಾಯಿಗಿಡಲಾರದೆ ಗೇಲಿಯ ಹೆಸರಿಟ್ಟು ನಕ್ಕರು. ಹಸಿ ತರಕಾರಿಯನ್ನು ಹಾಗೆಯೇ ಒಣಗಿಸಿದರೆ, ಅದರೊಳಗಿನ ಕಿಣ್ವಗಳು ಒಣಗಿದ ಮೇಲೂ ಕೆಲಸ ಮಾಡಿ ಬಣ್ಣ ಕೆಡಿಸುತ್ತವೆ, ಒಣಹುಲ್ಲಿನ ವಾಸನೆ ತರುತ್ತವೆ. ಒಣಗಿಸುವ ಮೊದಲು ತರಕಾರಿಯನ್ನು ಎರಡು ಮೂರು ನಿಮಿಷ ಕುದಿನೀರಿನಲ್ಲಿ ಅದ್ದಿ ತೆಗೆದರೆ ಈ ದೋಷ ತಪ್ಪುತ್ತದೆ. ಈ ಚಿಕ್ಕ ಗುಟ್ಟನ್ನು ವಿಜ್ಞಾನಿಗಳು ಚೆನ್ನಾಗಿ ಅರಿತ ಮೇಲೆಯೇ ಎರಡನೆಯ ಮಹಾಯುದ್ಧದ ಕಾಲದ ಒಣತರಕಾರಿಗೆ ರುಚಿ ಬಂತು.

ನಮ್ಮ ನಾಡಿನಲ್ಲಿ 1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ಬೆಳೆದದ್ದು ಕೊಳೆಯದಂತೆ ಉಳಿಸಿಕೊಳ್ಳುವ ವಿದ್ಯೆಗೆ ಅರಮನೆಯೇ ಮನೆಯಾಯಿತು. 1965ರಲ್ಲಿ ಕೆನಡಾ ದೇಶದ ಬ್ರೇಸ್ ಸಂಶೋಧನಾ ಸಂಸ್ಥೆಯು ಬಡ ನಾಡುಗಳ ರೈತರು ತಾವೇ ಮಾಡಿಕೊಳ್ಳಬಹುದಾದ ಬಿಸಿಲು ಪೆಟ್ಟಿಗೆಯ ವಿವರವನ್ನು ಪ್ರಕಟಿಸಿತು. ಒಂದು ಮರದ ಪೆಟ್ಟಿಗೆ, ಒಳಗೆ ಕಪ್ಪು ಬಣ್ಣ, ಮೇಲೆ ಓರೆಯಾದ ಗಾಜು ಅಥವಾ ಪಾರದರ್ಶಕ ಹಾಳೆ, ಕೆಳಗೆ ಗಾಳಿ ಬರಲು ತೂತು, ಹಿಂದೆ ಮೇಲ್ಭಾಗದಲ್ಲಿ ಗಾಳಿ ಹೋಗಲು ತೂತು. ಇಷ್ಟೇ ಅದರ ಯಂತ್ರ! ಧೂಳು, ನೊಣ, ಕಾಗೆಯ ಕಾಟ ಇಲ್ಲ. ಕರೆಂಟಿನ ಬಿಲ್ಲೂ ಇಲ್ಲ.

ಈ ಕಥೆಯ ನಡುವೆ ಒಂದು ಎಚ್ಚರದ ಮಾತೂ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಅವು ತಿಂದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಿಷ ಸಿಕ್ಕಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಶೇಂಗಾ, ಗೋವಿನಜೋಳ, ಮೆಣಸಿನಕಾಯಿ ಸರಿಯಾಗಿ ಒಣಗದಿದ್ದರೆ ಈ ವಿಷ ಹುಟ್ಟಬಹುದು. ಅದು ಯಕೃತ್ತಿಗೆ ಕೆಡುಕು. ತೊಳೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಆದುದರಿಂದ ಬೂಷ್ಟು ಹಿಡಿದ ಕಾಯಿಯನ್ನು ಒರೆಸಿ, ಮನೆಮಂದಿಗೆ ಆಗಲಿ ಎಂದು ತೆಗೆದಿಡಬೇಡಿ. ಅರೆ ಒಣಗಿದ ಪದಾರ್ಥ ಹಸಿ ಪದಾರ್ಥಕ್ಕಿಂತ ಮೋಸದ್ದು. ಹಸಿಯದು ಕೆಟ್ಟರೆ ಮೂಗಿಗೆ ತಿಳಿಯುತ್ತದೆ. ಇದು ಡಬ್ಬಿಯಲ್ಲಿ ಸುಮ್ಮನೆ ಕೂತು ಕೆಡುತ್ತದೆ.

ಹಾಗಾದರೆ ಈ ಚರಿತ್ರೆಯಿಂದ ನಾವು ಕಲಿಯುವುದೇನು? ಒಣಗಲು ಶಾಖ ಬೇಕು, ಗಾಳಿಯ ಓಟ ಬೇಕು, ತೇವ ಹೊರಗೆ ಹೋಗಲು ದಾರಿ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಪೆಟ್ಟಿಗೆ ಕೆಲಸಕ್ಕೆ ಬಾರದು. ಕೊಳ್ಳುವಾಗ ಇವನ್ನು ಕೇಳಿ.

ಮೊದಲನೆಯದು, ಶಾಖದ ತಿರುಗಣೆ ಇದೆಯೇ? ಕರಿಬೇವು, ನುಗ್ಗೆಸೊಪ್ಪಿಗೆ 40ರಿಂದ 45 ಡಿಗ್ರಿ ಸಾಕು. ಹಣ್ಣು, ತರಕಾರಿಗೆ 55ರಿಂದ 60 ಡಿಗ್ರಿ ಬೇಕು. ಶಾಖ ಬಹಳವಾದರೆ ಮೇಲೆ ಹೊಪ್ಪಳೆ ಕಟ್ಟಿ ಒಳಗಿನ ನೀರು ಒಳಗೇ ಉಳಿಯುತ್ತದೆ. ನಾನು ಮೊದಲು ಹೇಳಿದ ಮನೆಯಲ್ಲಿ ಆದದ್ದು ಇದೇ.

ಎರಡನೆಯದು, ಫ್ಯಾನು ಎಲ್ಲಿದೆ? ತಳದಲ್ಲಿದ್ದರೆ ಕೆಳಗಿನ ತಟ್ಟೆ ಬೇಗ ಒಣಗುತ್ತದೆ, ಮೇಲಿನದು ತಡ. ತಟ್ಟೆಗಳನ್ನು ಆಗಾಗ್ಗೆ ಅದಲುಬದಲು ಮಾಡಬೇಕು. ಹಣ್ಣಿನ ರಸ ಸೋರಿ ಫ್ಯಾನಿನ ಮೇಲೆ ಬೀಳುವುದೂ ಉಂಟು. ಫ್ಯಾನು ಹಿಂಬದಿಯಲ್ಲಿದ್ದರೆ ಎಲ್ಲ ತಟ್ಟೆಗಳಿಗೂ ಗಾಳಿ ಹೆಚ್ಚುಕಡಿಮೆ ಸಮನಾಗಿ ಹಾಯುತ್ತದೆ. ಆದರೆ ಅಂಥದಕ್ಕೆ ಬೆಲೆ ಸಾಮಾನ್ಯವಾಗಿ ಹೆಚ್ಚು.

ಮೂರನೆಯದು, ಲೆಕ್ಕ. ಇದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಒಂದು ಕಿಲೋ ನೀರು ಆವಿಯಾಗಲು ಒಂದು ಯೂನಿಟ್ಟಿನ ಸುಮಾರು ಮೂರರಲ್ಲಿ ಎರಡು ಪಾಲು ಕರೆಂಟಿನಷ್ಟು ಶಾಖ ಬೇಕು. ಹತ್ತು ಕಿಲೋ ಹಸಿ ಕೆಂಪುಕಾಯಿಯಲ್ಲಿ ಏಳೂವರೆ ಕಿಲೋ ನೀರಿದೆ ಅನ್ನಿ. ಅದು ಚೆನ್ನಾಗಿ ಒಣಗಬೇಕಾದರೆ ಏಳು ಕಿಲೋಗೂ ಮಿಕ್ಕಿ ನೀರು ಹೋಗಬೇಕು. ಅಂದರೆ ಐದು ಯೂನಿಟ್ಟಿನಷ್ಟು. ಹೊರಗೆ ಹೋಗುವ ಬಿಸಿಗಾಳಿಯಲ್ಲಿ ಪೋಲಾಗುವುದನ್ನೂ ಸೇರಿಸಿದರೆ ಸುಮಾರು ಹತ್ತು ಎಂದಿಟ್ಟುಕೊಳ್ಳಿ. 500 ವ್ಯಾಟಿನ ಪೆಟ್ಟಿಗೆ ಗಂಟೆಗೆ ಅರ್ಧ ಯೂನಿಟ್ ಎಳೆಯುತ್ತದೆ. ಆದ್ದರಿಂದ ಅದಕ್ಕೆ ಇಪ್ಪತ್ತು ಗಂಟೆ ಬೇಕು. ಅಂಗಡಿಯವನು “ಹತ್ತು ಕಿಲೋ, ಐದೇ ತಾಸು” ಅಂದರೆ, ನಗುತ್ತಾ ಈ ಲೆಕ್ಕ ಅವನ ಮುಂದಿಡಿ.

ಈ ಲೆಕ್ಕ ಕೇಳಿದ ಹಿರಿಯಕ್ಕ ಬೆರಳು ಮಡಚಿ ಎಣಿಸಿದರು. “ಹಂಗಾದ್ರ ಒಂದು ಕ್ವಿಂಟಲ್‌ಗೆ ನೂರು ಯೂನಿಟ್ ಆತಲ್ರೀ! ಹೊಲದ ಕಾಯಿಗೆ ಇದು ಆಗೂದಿಲ್ಲ ಬಿಡ್ರಿ” ಅಂದರು. ನಾನು ಹೇಳಬೇಕೆಂದಿದ್ದ ಮಾತನ್ನು ಅವರೇ ಹೇಳಿದರು. ಹೊಲದ ಬೆಳೆಗೆ ಬಿಸಿಲೇ ಆಧಾರ. ಆದರೆ ಬರಿ ನೆಲದ ಮೇಲೆ ಬೇಡ. ಸಾರಿಸಿದ ಇಲ್ಲವೆ ಸಿಮೆಂಟಿನ ಕಣ, ತಾಡಪತ್ರಿ, ಸಂಜೆ ಗುಡ್ಡೆ ಹಾಕಿ ಮುಚ್ಚುವ ಶಿಸ್ತು ಬೇಕು. ಕರೆಂಟಿನ ಪೆಟ್ಟಿಗೆ ಏನಿದ್ದರೂ ಅಡುಗೆಮನೆಯ ಅಳತೆಯ ಕೆಲಸಕ್ಕೆ. ಮಳೆಗಾಲದಲ್ಲಿ ಸೊಪ್ಪು, ಬೆಲೆ ಬಿದ್ದಾಗ ಟೊಮೆಟೊ, ಪುಡಿ ಮಾಡಿ ಮಾರುವ ಕರಿಬೇವು, ಇಂಥವಕ್ಕೆ ಅದು ಒದಗೀತು. ಟೊಮೆಟೊದಲ್ಲಿ ನೂರಕ್ಕೆ 94 ಪಾಲು ನೀರೇ ಇರುವುದರಿಂದ, ಹತ್ತು ಕಿಲೋ ಹಣ್ಣಿಗೆ ಮುಕ್ಕಾಲು ಕಿಲೋ ಕೂಡ ಉಳಿಯದು. ಇದನ್ನು ತಿಳಿದೇ ಬೆಲೆ ಕಟ್ಟಬೇಕು.

ಯಾವುದರಲ್ಲಿ ಒಣಗಿಸಿದರೂ ಕೊನೆಗೆ ಒಂದು ಪರೀಕ್ಷೆ ಮಾಡಿ. ಆರಿದ ಪದಾರ್ಥವನ್ನು ಗಾಜಿನ ಭರಣಿಗೆ ಹಾಕಿ ಮುಚ್ಚಿ, ಒಂದು ವಾರ ದಿನಕ್ಕೊಮ್ಮೆ ಅಲುಗಾಡಿಸಿ ನೋಡಿ. ಗಾಜಿನ ಒಳಮೈಯಲ್ಲಿ ಬೆವರು ಕಂಡರೆ ಮತ್ತೆ ಒಣಗಿಸಿ. ಬೂಷ್ಟು ಕಂಡರೆ ಬಿಸಾಡಿ.

ಅಕ್ಕಂದಿರು ಆ ದಿನ ಕರಪತ್ರ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಊರಿನ ಬಡಿಗನಿಂದ ಒಂದು ಬಿಸಿಲು ಪೆಟ್ಟಿಗೆ ಮಾಡಿಸಿದ್ದಾರೆ. ಒಂದು ನೋಟುಬುಕ್ಕಿನಲ್ಲಿ ಎಷ್ಟು ಕಿಲೋ ಹಾಕಿದೆವು, ಎಷ್ಟು ಬಂತು, ಮೋಡದಿಂದ ಎಷ್ಟು ದಿನ ಕೆಲಸ ನಿಂತಿತು ಎಂದು ಬರೆಯುತ್ತಿದ್ದಾರೆ. ಒಂದು ಮಳೆಗಾಲ ಕಳೆದ ಮೇಲೆ ಆ ಪುಸ್ತಕ ನೋಡಿ, ಕರೆಂಟಿನದು ಬೇಕೋ ಬೇಡವೋ ತಾವೇ ತೀರ್ಮಾನಿಸುತ್ತಾರಂತೆ. ನನ್ನನ್ನು ಕೇಳುವ ಅಗತ್ಯ ಅವರಿಗೆ ಇನ್ನಿಲ್ಲ. ನನಗೂ ಅದೇ ಸಮಾಧಾನ.

ತಾವೂ ಅಷ್ಟೇ. ರೊಕ್ಕ ಬಿಚ್ಚುವ ಮೊದಲು ಒಂದು ನೋಟುಬುಕ್ಕು ಬಿಚ್ಚಿರಿ.