ಇಂಕ್ಲಿಂಗ್ಸ್

ಇಂಕ್ಲಿಂಗ್ಸ್ ಎಂಬುದು 1930 ಮತ್ತು 1940ರ ದಶಕಗಳಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ ಸೇರುತ್ತಿದ್ದ ಬರಹಗಾರರ ಬಳಗ. ಸಿ. ಎಸ್. ಲೂಯಿಸ್, ಜೆ. ಆರ್. ಆರ್. ಟೋಲ್ಕಿನ್, ಚಾರ್ಲ್ಸ್ ವಿಲಿಯಮ್ಸ್, ಓವನ್ ಬಾರ್ಫೀಲ್ಡ್, ಹ್ಯೂಗೋ ಡೈಸನ್ ಇದರ ಪ್ರಮುಖರು. ಬಳಗಕ್ಕೆ ನಿಯಮಾವಳಿಯಾಗಲಿ ಪದಾಧಿಕಾರಿಗಳಾಗಲಿ ಇರಲಿಲ್ಲ.

ಓದು ಮತ್ತು ವಿಮರ್ಶೆ

ಗುರುವಾರ ರಾತ್ರಿ ಮಾಡ್ಲಿನ್ ಕಾಲೇಜಿನಲ್ಲಿದ್ದ ಲೂಯಿಸ್‌ರ ಕೊಠಡಿಯಲ್ಲಿ ಸಭೆ ನಡೆಯುತ್ತಿತ್ತು. ಒಬ್ಬರು ತಮ್ಮ ಅಪ್ರಕಟಿತ ಬರಹವನ್ನು ಗಟ್ಟಿಯಾಗಿ ಓದುತ್ತಿದ್ದರು. ಉಳಿದವರು ಮೆಚ್ಚುಗೆಯನ್ನೂ ಆಕ್ಷೇಪವನ್ನೂ ಎದುರಿನಲ್ಲೇ ಹೇಳುತ್ತಿದ್ದರು. ಹಗಲಿನ ಭೇಟಿಗಳು ಈಗಲ್ ಅಂಡ್ ಚೈಲ್ಡ್ ಎಂಬ ಪಬ್ಬಿನಲ್ಲಿ ನಡೆಯುತ್ತಿದ್ದವು. ಅವು ಮುಖ್ಯವಾಗಿ ಹರಟೆಗೆ ಮೀಸಲು.

ಪರಿಣಾಮ

ಟೋಲ್ಕಿನ್ 'ದಿ ಲಾರ್ಡ್ ಆಫ್ ದ ರಿಂಗ್ಸ್' ಕೃತಿಯ ಅಧ್ಯಾಯಗಳನ್ನು ಬರೆಯುತ್ತಿದ್ದಂತೆಯೇ ಇಲ್ಲಿ ಓದಿದರು. ಡೈಸನ್‌ರಿಗೆ ಅದು ರುಚಿಸಲಿಲ್ಲ. ಕ್ರಮೇಣ ಅವರಿದ್ದ ದಿನ ಆ ಓದೇ ನಿಂತುಹೋಯಿತು. ಲೂಯಿಸ್ ಮಾತ್ರ ಮುಂದಿನ ಭಾಗಕ್ಕಾಗಿ ಒತ್ತಾಯಿಸುತ್ತಲೇ ಇದ್ದರು. ತಾನು ಅವರಿಂದ ಪಡೆದದ್ದು ಪ್ರಭಾವವಲ್ಲ, ಪ್ರೋತ್ಸಾಹ. ಅದಿಲ್ಲದಿದ್ದರೆ ಕೃತಿ ಮುಗಿಯುತ್ತಿರಲಿಲ್ಲ ಎಂದು ಟೋಲ್ಕಿನ್ ಮುಂದೆ ಪತ್ರವೊಂದರಲ್ಲಿ ಸ್ಮರಿಸಿದ್ದಾರೆ. ಕೃತಿಯು 1954–55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು.

ಇದಕ್ಕೆ ವ್ಯತಿರಿಕ್ತವಾಗಿ, ಲೂಯಿಸ್‌ರ ನಾರ್ನಿಯಾ ಕಥೆಗಳು ಟೋಲ್ಕಿನ್‌ರಿಗೆ ಹಿಡಿಸಲಿಲ್ಲ. ಆದರೂ ಲೂಯಿಸ್ ಬರವಣಿಗೆಯನ್ನು ಕೈಬಿಡಲಿಲ್ಲ. 1950ರಿಂದ 1956ರವರೆಗೆ ಆ ಮಾಲೆಯ ಏಳು ಪುಸ್ತಕಗಳು ಹೊರಬಂದವು. ಹೀಗೆ ಗೆಳೆಯರ ಅಭಿಪ್ರಾಯವು ಒಂದೆಡೆ ಕೃತಿಯನ್ನು ಪೂರ್ಣಗೊಳಿಸಲು ನೆರವಾಯಿತು, ಒಂದೆಡೆ ಓದನ್ನೇ ತಡೆಯಿತು. ಏನನ್ನು ಬರೆಯಬೇಕೆಂಬ ತೀರ್ಮಾನ ಲೇಖಕರದಾಗಿಯೇ ಉಳಿಯಿತು.

ಗುರುವಾರದ ಓದು 1949ರಲ್ಲಿ ನಿಂತಿತು. ಹಗಲಿನ ಭೇಟಿಗಳು ಅನಂತರವೂ ಮುಂದುವರಿದವು.